ಕೊನೆಯ ಪುಟದೊಳಗೆ ಕಳ್ಳ ಸಿಗಬೇಕು

ಪುಸ್ತಕದ ಮೂಲ ಮುಖಪುಟ ಎಂದೋ ಹರಿದುಹೋಗಿದೆ. ಅಂಗಡಿಯವರೇ ಖಾಕಿ ರಟ್ಟು ಹಾಕಿ, ದಬ್ಬಣದಿಂದ ತೂತು ಮಾಡಿ, ದಾರ ಎಳೆದು ಹೊಲಿದಿದ್ದಾರೆ. ಬೆನ್ನ ಮೇಲೆ ಸ್ಕೆಚ್ ಪೆನ್ನಿನ ನಂಬರು, ಒಳಪುಟದಲ್ಲಿ ನೇರಳೆ ಮಸಿಯ ಮೊಹರು. ಹೊಲಿಗೆ ಎಷ್ಟು ಬಿಗಿಯೆಂದರೆ ಅಂಚಿನ ಅಕ್ಷರ ಓದಲು ಹೆಬ್ಬೆರಳಿನಿಂದ ಹಾಳೆ ಒತ್ತಿ ಹಿಡಿಯಬೇಕು. ಹಾಗೆ ಒತ್ತಿ ಹಿಡಿದಾಗಲೇ ಇಪ್ಪತ್ತೊಂದನೇ ಪುಟದ ಮೂಲೆಯಲ್ಲಿ ಒಂದು ಸಣ್ಣ ಸಂತೆ ಕಣ್ಣಿಗೆ ಬೀಳುತ್ತದೆ. ಪೆನ್ಸಿಲಿನ ಸೊನ್ನೆ, ನೀಲಿ ಮಸಿಯ ನಕ್ಷತ್ರ, ಎರಡು ಅಡ್ಡಗೀಟು, ‘ಸು’ ಎಂಬ ಅಕ್ಷರ, ಕುಂಕುಮದ್ದೋ ಲಿಪ್‌ಸ್ಟಿಕ್ಕಿನದ್ದೋ ಹೇಳಲಾಗದ ಒಂದು ಕೆಂಪು ಚುಕ್ಕೆ. ಕಥೆಯಲ್ಲಿ ಆ ಪುಟದಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಪತ್ತೇದಾರ ಕಾರಿನಿಂದ ಇಳಿದು ಬಂಗಲೆಯ ಗೇಟು ತೆಗೆಯುತ್ತಾನೆ, ಅಷ್ಟೇ.

ಬಾಡಿಗೆ ಪುಸ್ತಕದ ಅಂಗಡಿಯ ಯಜಮಾನರು ಗುಟ್ಟು ಬಿಡಿಸಿದರು. “ಓದಿದ್ದನ್ನ ಮತ್ತೆ ಒಯ್ಯಬಾರದಂತ ಗುರುತು ಹಾಕ್ಕಂತಾರ್ರೀ. ಎಲ್ಲಾ ಬುಕ್ಕಿನಾಗೂ ಅದೇ ಪೇಜು. ಹೆಸರು ಬರದ್ರ ಮನ್ಯಾಗ ಗೊತ್ತಾಗ್ತದಲ್ಲ!”

ಒಬ್ಬರಿಗೊಬ್ಬರು ಮುಖ ನೋಡದ, ಒಂದೇ ಪುಟದ ಮೂಲೆಯಲ್ಲಿ ಸಾಲಾಗಿ ಕುಳಿತ ಓದುಗರ ಕೂಟ ಅದು. ಬಳ್ಳಾರಿಯಂಥ ಊರಿನ ಓದಿನ ಚರಿತ್ರೆ ಬರೆಯಹೊರಟವರು ಸಾಹಿತ್ಯ ಸಮ್ಮೇಳನದ ವರದಿಗಳ ಜೊತೆಗೆ ಇಂಥ ಮೂಲೆಗಳನ್ನೂ ನೋಡಬೇಕು.

ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂಬುದು ಊರವರೇ ಹೇಳಿಕೊಂಡು ನಗುವ ಮಾತು. ಏಪ್ರಿಲ್ ಬಂತೆಂದರೆ ನಲವತ್ತು ಡಿಗ್ರಿ ಯಾರಿಗೂ ಸುದ್ದಿಯಲ್ಲ. ಹನ್ನೆರಡು ಹೊಡೆಯುವಷ್ಟರಲ್ಲಿ ಕೋಟೆಯ ಬಂಡೆ ಕಾದು, ಅದರ ಕೆಳಗಿನ ಓಣಿಗಳಲ್ಲಿ ನಾಯಿಯೂ ಅಡ್ಡಾಡುವುದಿಲ್ಲ. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಗಿರಾಕಿಗಳ ಮಾತು ನಿಂತು ಫ್ಯಾನಿನ ಸದ್ದು ಕೇಳಿಸುತ್ತದೆ. ಜೀನ್ಸ್ ಹೊಲಿಯುವ ಗಲ್ಲಿಗಳಲ್ಲಿ ಮಾತ್ರ ಮಷಿನ್ನುಗಳ ಗರ್ರೆನ್ನುವ ಸದ್ದು ಬಿಡುವುದಿಲ್ಲ. ಊಟ ಮುಗಿದ ಮೇಲಿನ ಈ ಹೊತ್ತಿನಿಂದ ಸಂಜೆ ಒಗ್ಗರಣಿ-ಮಿರ್ಚಿ ಬಂಡಿಗಳ ಮುಂದೆ ಜನ ಸೇರುವವರೆಗೆ ಮೂರು ನಾಲ್ಕು ತಾಸು. ಮಲಗಿದರೆ ಬೆವರು, ಹೊರಗೆ ಹೋದರೆ ಬೆಂಕಿ. ನೂರಿಪ್ಪತ್ತು ಪುಟದ ಕಾದಂಬರಿಯೊಂದು ಸರಿಯಾಗಿ ಹಿಡಿಸುವುದು ಇಷ್ಟೇ ಹೊತ್ತಿಗೆ.

ಅಂಗಡಿಯ ಕಪಾಟಿನಲ್ಲಿ ಕನ್ನಡ, ತೆಲುಗು ಎಂದು ಬೇರೆ ಬೇರೆ ಸಾಲುಗಳಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪಕ್ಕದಲ್ಲೇ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್. ಅವನಿಗೆ ಒರಗಿಕೊಂಡು ಮಧುಬಾಬು ಅವರ ಗೂಢಚಾರ ಶ್ಯಾಡೋ. ಯಂಡಮೂರಿ ವೀರೇಂದ್ರನಾಥರಂತೂ ಎರಡೂ ಲಿಪಿಗಳಲ್ಲಿ ಇದ್ದಾರೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಸೇರುವ ಮುನ್ನ ಊರು ಯಾರದೆಂಬ ಜಗಳ ಜೋರಾಗಿಯೇ ನಡೆದಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು ಬೆರೆತ ಎರಡೂ ಆಡುವ ಜನ ಆ ಜಗಳವನ್ನು ಕಪಾಟಿನವರೆಗೆ ತರಲಿಲ್ಲ. ತೆಲುಗು ರಂಗಭೂಮಿಯ ಮೇರುನಟ ಬಳ್ಳಾರಿ ರಾಘವರ ಹೆಸರಿನ ಕಲಾಮಂದಿರದಲ್ಲಿ ಕನ್ನಡ ನಾಟಕ ನೋಡಿ ಬರುವ ಊರು ಇದು. ಕಳ್ಳನನ್ನು ಯಾವ ಭಾಷೆಯವನು ಹಿಡಿದರೇನು?

ಕನ್ನಡದ ಸಾಮಾನ್ಯ ಓದುಗನನ್ನು ಪತ್ತೇದಾರಿಯ ಚಟಕ್ಕೆ ಹಚ್ಚಿದವರಲ್ಲಿ ನರಸಿಂಹಯ್ಯ ಮುಂಚಿನವರು. 1925ರಲ್ಲಿ ಹುಟ್ಟಿದ ಅವರ ಶಾಲೆಯ ಓದು ನಾಲ್ಕನೇ ತರಗತಿಗೇ ಮುಗಿದಿತ್ತು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಾದಂಬರಿಗಳ ಸಂಖ್ಯೆ ಐನೂರನ್ನು ದಾಟಿತ್ತು. ಅದೇ ಕಾಲದ ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್ ತಿಂಗಳಲ್ಲಿ ರಾಯಲ್ ಸರ್ಕಲ್ಲಿನಿಂದ ಆಟೋ ಸ್ಟ್ಯಾಂಡಿನವರೆಗೆ ಹಾರಾಡುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಹೋರಾಟಗಾರರು ಅವರು. ಅವರ ಹೊಟ್ಟೆಪಾಡು ಪತ್ತೇದಾರಿ ಕಾದಂಬರಿಗಳದ್ದು. ಕನ್ನಡದ ಧ್ವಜ ಬಂದದ್ದು ಪತ್ತೇದಾರಿ ಲೇಖಕನ ಮೇಜಿನಿಂದ ಎಂಬುದನ್ನು ಲಘು ಸಾಹಿತ್ಯವೆಂದರೆ ಮೂಗು ಮುರಿಯುವವರು ಒಮ್ಮೆ ನೆನೆಯಬಹುದು. ಆಮೇಲೆ ಬಂದ ಟಿ.ಕೆ. ರಾಮರಾವ್ ನಿಗೂಢಕ್ಕೆ ಮಲೆನಾಡಿನ ಮಳೆ, ಎಸ್ಟೇಟು, ಒಂಟಿಮನೆಗಳನ್ನು ಕೊಟ್ಟರು. ರಾಜಕುಮಾರ್ ಅಭಿನಯದ 1972ರ ‘ಬಂಗಾರದ ಮನುಷ್ಯ’ ಅವರದೇ ಕಾದಂಬರಿ ಎಂದರೆ ಹೊಸಬರು ಹುಬ್ಬೇರಿಸುತ್ತಾರೆ. ಅವರ ಹೆಸರಿಗೆ ಅಂಟಿಕೊಂಡಿರುವುದು ‘ಸೀಳು ನಕ್ಷತ್ರ’, ‘ಕಹಳೆ ಬಂಡೆ’ಗಳ ನಿಗೂಢವೇ.

ಬಳ್ಳಾರಿಯ ಸೀಮೆ ಈ ಲೋಕಕ್ಕೆ ತನ್ನ ಪಾಲನ್ನೂ ಕೊಟ್ಟಿದೆ, ವಿಚಿತ್ರ ರೀತಿಯಲ್ಲಿ. ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಪೊಲೀಸ್ ಇಲಾಖೆಯಲ್ಲಿದ್ದವರು. ಕಳ್ಳರ ಕಥೆ ಬರೆಯಲು ಅವರಿಗಿಂತ ಅನುಕೂಲ ಯಾರಿಗಿತ್ತು? ಅವರು ಬರೆದದ್ದು ನಗೆಯ ತಿಂಮನನ್ನು. 1958ರಲ್ಲಿ ಬಳ್ಳಾರಿಯಲ್ಲೇ ಹುಟ್ಟಿದ ರವಿ ಬೆಳಗೆರೆ ಮೇಷ್ಟರಾಗಿದ್ದವರು. 1995ರಲ್ಲಿ ‘ಹಾಯ್ ಬೆಂಗಳೂರ್’ ಆರಂಭಿಸಿ, ಅಪರಾಧಲೋಕದ ನಿಜ ಕಥೆಗಳಿಗೆ ವಾರವಾರ ಕಾಯುವ ಓದುಗರನ್ನು ಕಟ್ಟಿದರು. ಪೊಲೀಸಿನವರು ನಗಿಸಿದರು, ಮೇಷ್ಟರು ಬೆಚ್ಚಿಬೀಳಿಸಿದರು. ಬೆಚ್ಚಿಬೀಳದೆ ಗುಟ್ಟನ್ನಷ್ಟೇ ಸವಿಯಬೇಕೆನ್ನುವವರು ಬಾಡಿಗೆ ಅಂಗಡಿಯ ಖಾಕಿ ರಟ್ಟುಗಳ ಕಡೆಗೇ ಬಂದರು.

ಸಿರುಗುಪ್ಪದ ಬಸ್ಸು ಊರು ದಾಟಿ ಉತ್ತರಕ್ಕೆ ಹೊರಳಿತೆಂದರೆ ಎರೆಭೂಮಿ ಸುರುವಾಗುತ್ತದೆ. ಕಾಲುವೆ ನೀರು ಸಿಕ್ಕ ಕಡೆ ಭತ್ತ, ಸಿಗದ ಕಡೆ ಹತ್ತಿ, ಮೆಣಸಿನಕಾಯಿ, ಜೋಳ. ತೆಕ್ಕಲಕೋಟೆ ಹತ್ತಿರವಾದಂತೆ ದುಂಡುಬಂಡೆಗಳ ಗುಡ್ಡಗಳು ಎದ್ದು ನಿಲ್ಲುತ್ತವೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಇಲ್ಲಿ ಅಗೆದಾಗ ನವಶಿಲಾಯುಗದ ಜನರ ಗುಡಿಸಲು, ಕಲ್ಲಿನ ಕೊಡಲಿ, ಬಂಗಾರದ ಒಡವೆಗಳ ಗುರುತುಗಳು ಸಿಕ್ಕವು. ಈ ಸೀಮೆಯ ನಿಜವಾದ ಮೊದಲ ಪತ್ತೇದಾರಿ ಕಥೆ ಇಂಥ ಗುಡ್ಡಗಳದ್ದೇ. ಅದರಲ್ಲಿ ಒಂದು ಕೊಲೆಯೂ ಇಲ್ಲ.

ಹೊಸಪೇಟೆ ಹಾದಿಯ ಕುಡತಿನಿಯಲ್ಲೂ ಸುತ್ತಲ ಇನ್ನೆಷ್ಟೋ ಊರುಗಳಲ್ಲೂ ಬೂದಿದಿಬ್ಬಗಳಿವೆ. ಬೆಟ್ಟದಷ್ಟು ಬೂದಿ ಎಲ್ಲಿಂದ ಬಂತು? ಜನ ರಾಕ್ಷಸರನ್ನು ಸುಟ್ಟ ಬೂದಿ ಎಂದರು. ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಬ್ರಿಟಿಷ್ ಅಧಿಕಾರಿಗಳಲ್ಲಿ ಕೆಲವರು ಜ್ವಾಲಾಮುಖಿ ಎಂದರು, ಕೆಲವರು ಕಬ್ಬಿಣ ಕರಗಿಸಿದ ಕಿಟ್ಟ ಎಂದರು, ನರಬಲಿಯ ಊಹೆಯೂ ಬಂತು. ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂದು ರಾಬರ್ಟ್ ಬ್ರೂಸ್ ಫೂಟ್ ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ಕೊನೆಗೆ 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದೇ ದಿಬ್ಬ ಅಗೆದ ಎಫ್.ಆರ್. ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ಸಗಣಿಯ ಮಾತನ್ನು ಪ್ರಯೋಗಾಲಯವೂ ಎತ್ತಿಹಿಡಿಯಿತು. ಶಂಕಿತರು ಹಲವರು, ದಾರಿ ತಪ್ಪಿಸುವ ಸುಳಿವುಗಳು ಬೇಕಾದಷ್ಟು, ಮೊದಲೇ ಸರಿ ಹೇಳಿದವನ ಮಾತು ಯಾರೂ ಕೇಳದಿರುವುದು, ಕಟ್ಟಕಡೆಗೆ ಹೆಜ್ಜೆಗುರುತು. ಅಗಾಥಾ ಕ್ರಿಸ್ಟಿ ಇದಕ್ಕಿಂತ ಚೆನ್ನಾಗಿ ಹೆಣೆಯುತ್ತಿದ್ದಳೆಂದು ಹೇಳಲಾರೆ.

ಸಿರುಗುಪ್ಪ ಮುಟ್ಟುವ ಮೊದಲೇ ಗಾಳಿಯಲ್ಲಿ ತೌಡಿನ ವಾಸನೆ. ತುಂಗಭದ್ರೆಯ ದಂಡೆಯ ಈ ಊರು ಭತ್ತದಿಂದಲೇ ಬದುಕುತ್ತದೆ. ಸುಗ್ಗಿಯಲ್ಲಿ ರೈಸ್‌ಮಿಲ್ಲುಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳ ಸಾಲು. ಕಾಟಾದ ಮೇಲೆ ಒಂದು ಗಾಡಿ ಹತ್ತಿ ಇಳಿಯುವಷ್ಟರಲ್ಲಿ ಹಿಂದಿನವರು ಬೀಡಿ ಸೇದಿ, ಚಹಾ ಕುಡಿದು, ಒಂದು ನಿದ್ದೆ ತೆಗೆದಿರುತ್ತಾರೆ. ಮಿಲ್ಲಿನ ಆಫೀಸೆಂದರೆ ಕಬ್ಬಿಣದ ಮೇಜು, ಲಕ್ಷ್ಮೀ ಫೋಟೊ, ಭತ್ತದ ಸ್ಯಾಂಪಲ್ ತುಂಬಿದ ಸಣ್ಣ ಚೀಲಗಳು. ಲೆಡ್ಜರಿನ ಅಡಿಯಲ್ಲಿ ಬೋರಲು ಮಲಗಿದ ಒಂದು ಟಿ.ಕೆ. ರಾಮರಾವ್. ಹಾಳೆ ತಿರುವಿದರೆ ಸಂದಿಯಿಂದ ಹೊಟ್ಟಿನ ದೂಳು ಉದುರುತ್ತದೆ. ಗುಮಾಸ್ತರು ತಲೆ ನೆರೆತವರು, ಕಿವಿಯ ಮೇಲೆ ಪೆನ್ನು. ಹೊಸ ಕಾಲದ ಥ್ರಿಲ್ಲರುಗಳ ಬಗ್ಗೆ ಅವರಿಗೆ ಖಡಕ್ಕಾದ ತಕರಾರಿದೆ.

“ಕೊನೀಗೆ ಬಂದು, ಎಲ್ಲೂ ಇರದ ಮನಿಶ್ಯಾನ್ನ ತಂದು ನಿಲ್ಲಿಸಿ, ಇವನ ನೋಡು ಕೊಲೆಗಾರ ಅಂದ್ರ ಅದು ಮೋಸ್ರೀ. ನಾವೇನು ಕಣ್ಣು ಮುಚ್ಚಿಕೊಂಡು ಓದಿರ್ತೀವಾ? ಮೊದಲನೇ ಪುಟದಾಗ ಬರದ ರಖಂ ಕೊನೇ ಪುಟದಾಗ ತಾಳೆ ಆಗಬೇಕು.”

ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆ ಬರೆದ. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು ಎಂಬುದೇ ಅದರ ಮೊದಲನೆಯದು. ಸಿರುಗುಪ್ಪದ ಗುಮಾಸ್ತರು ನಾಕ್ಸ್‌ನನ್ನು ಓದಿಲ್ಲ. ಜೀವಮಾನವಿಡೀ ಜಮಾ-ಖರ್ಚು ಬರೆದವರಿಗೆ ಆ ನಿಯಮ ಹೊರಗಿನಿಂದ ಬರಬೇಕಾಗಿಯೂ ಇಲ್ಲ.

ಅವರನ್ನು ಕಂಡ ಮೇಲೆ, ಲಘು ಓದಿನ ಪರವಾಗಿ ವಾದಿಸುವವರು ಹೂಡುವ ಮೆಟ್ಟಿಲಿನ ತರ್ಕ ನನಗೆ ರುಚಿಸುವುದನ್ನು ಬಿಟ್ಟಿತು. ಪತ್ತೇದಾರಿಯಿಂದ ಸುರು ಮಾಡಿದವನು ಮುಂದೆ ಕಾರಂತ, ಕುವೆಂಪು, ಭೈರಪ್ಪನವರಿಗೆ ಏರುತ್ತಾನೆ, ಆದ್ದರಿಂದ ಪತ್ತೇದಾರಿಯನ್ನು ಕ್ಷಮಿಸೋಣ ಎಂಬ ವಾದ ಅದು. ಏರುವವರು ಇದ್ದಾರೆ, ಸಂತೋಷ. ಬೀchiಯವರನ್ನೇ ಕನ್ನಡಕ್ಕೆ ಎಳೆದದ್ದು ಅನಕೃ ಅವರ ‘ಸಂಧ್ಯಾರಾಗ’ ಎಂಬ ಜನಪ್ರಿಯ ಕಾದಂಬರಿ. ಆದರೆ ಗುಮಾಸ್ತರು ಏರಲಿಲ್ಲ, ಏರಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ. ನಲವತ್ತು ವರ್ಷ ಒಂದೇ ಬಗೆಯ ಪುಸ್ತಕ ಓದಿ, ಆ ಬಗೆಯಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಕೈಯಲ್ಲಿ ಹಿಡಿದು ಹೇಳುವಷ್ಟು ಪಳಗಿದ್ದಾರೆ. ಪೊಳ್ಳು ಭತ್ತ ತೂರಿ ಬಿಡುವ ಊರಿನಲ್ಲಿ ಇದೂ ವಿಮರ್ಶೆಯೇ.

ಕುರುಗೋಡು ಬೇರೆಯೇ ಲಯದ ಊರು. ಹನ್ನೆರಡನೇ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಇದು ಈಗ ತಾಲ್ಲೂಕು ಕೇಂದ್ರ. ಸುತ್ತ ಗುಡ್ಡ, ನಡುವೆ ದೊಡ್ಡಬಸವೇಶ್ವರ. ಹೆಸರಿಗೆ ತಕ್ಕಂತೆ ಏಕಶಿಲೆಯ ಬಸವಣ್ಣ ಗರ್ಭಗುಡಿಯನ್ನೇ ತುಂಬಿ ಕುಳಿತಿದ್ದಾನೆ. ಗುಡಿಯ ಹೊರಗಿನ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಕುಳಿತವರಿಗೆ ಯಾವ ಬಸ್ಸಿನಲ್ಲಿ ಯಾರು ಇಳಿದರು, ಯಾರ ಕೈಯಲ್ಲಿ ಯಾವ ಅಂಗಡಿಯ ಚೀಲವಿತ್ತು, ಯಾರ ಮನೆಗೆ ಸರ್ವೇಯರ್ ಬಂದು ಹೋದ ಎಂಬುದೆಲ್ಲ ಗೊತ್ತು. ಕೇಳಿದರೆ, “ನಮಗ್ಯಾಕ್ರೀ ಊರ ಉಸಾಬರಿ” ಎಂದು ಆರಂಭಿಸಿ ಪೂರ್ತಿ ಹೇಳುತ್ತಾರೆ.

ಇಂಗ್ಲಿಷಿನಲ್ಲಿ ಕೋಜಿ ಮಿಸ್ಟರಿ ಎಂದು ಕರೆಸಿಕೊಳ್ಳುವ ಕಥೆಗಳಿಗೆ ಬೇಕಾದದ್ದು ಇಂಥ ಊರೇ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಗುರುತು. ಸಾವು ಸಂಭವಿಸಿದರೂ ನೆತ್ತರು ಕಣ್ಣಿಗೆ ರಾಚುವುದಿಲ್ಲ. ಪತ್ತೆ ಹಚ್ಚುವವರು ಪೊಲೀಸರಲ್ಲ. ಹೆಣಿಗೆ ಹಾಕುವ ಮುದುಕಿ, ಬೇಕರಿಯವಳು, ಲೈಬ್ರರಿಯವಳು. ಕ್ರಿಸ್ಟಿಯ ಮಿಸ್ ಮಾರ್ಪಲ್ ಕಾದಂಬರಿಯೊಂದರಲ್ಲಿ ಮೊದಲು ಕಾಣಿಸಿಕೊಂಡದ್ದು 1930ರಲ್ಲಿ. ಅವಳ ವಿದ್ಯೆಯೆಲ್ಲ ತನ್ನ ಹಳ್ಳಿಯವರ ಸಣ್ಣಬುದ್ಧಿಗಳ ನೆನಪೇ. 2020ರಲ್ಲಿ ರಿಚರ್ಡ್ ಓಸ್ಮನ್ ಬರೆದ ‘ದ ಥರ್ಸ್‌ಡೇ ಮರ್ಡರ್ ಕ್ಲಬ್’ನಲ್ಲಿ ನಿವೃತ್ತರ ಬಡಾವಣೆಯ ಹಿರಿಯರು ಕೂತಲ್ಲೇ ಕೊಲೆಗಳ ಗುಟ್ಟು ಬಿಡಿಸುತ್ತಾರೆ, ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಕುರುಗೋಡಿನ ಕಟ್ಟೆಯವರಿಗೆ ತೋರಿಸಿದರೆ, ಇದರಾಗೇನೈತಿ, ದಿನಾ ನಾವು ಮಾಡೋದಲ್ಲೇನು ಅಂದಾರು.

ಇಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ ವಾರಪತ್ರಿಕೆಯ ಧಾರಾವಾಹಿಯನ್ನು ಓದುತ್ತಿದ್ದ ಬಗೆಯನ್ನು ಆ ಮನೆಯ ಅಜ್ಜಿಯ ಬಾಯಿಂದ ಕೇಳಬೇಕು. ‘ಸುಧಾ’ 1965ರಿಂದ, ‘ತರಂಗ’ 1983ರಿಂದ ಹಳ್ಳಿಪೇಟೆಗಳಿಗೆ ಬಸ್ಸಿನಲ್ಲಿ ಬರುತ್ತಿದ್ದವು. ಓಣಿಗೊಂದು ಪ್ರತಿ ಬಂದರೂ ಸಾಕು. ಕಣದಿಂದ ತಂದ ಒಣಮೆಣಸಿನಕಾಯಿ ನಡುವೆ ಸುರಿದು, ಹೆಂಗಸರು ಸುತ್ತ ಕುಳಿತು ತೊಟ್ಟು ಬಿಡಿಸುವ ಹೊತ್ತು ಅದು. ಓದುವವಳ ಕೈಯೂ ಖಾರ. ಹಾಳೆ ಮುಟ್ಟಿದರೆ ಮುಂದೆ ಓದುವವರ ಕಣ್ಣು ಹೋದೀತೆಂದು, ಪುಟ ತಿರುವಲು ಶಾಲೆಯ ಹುಡುಗನೊಬ್ಬನನ್ನು ಕೂರಿಸಿಕೊಳ್ಳುತ್ತಿದ್ದರು. ಅವನು ಚಿತ್ರ ನೋಡುತ್ತ ಮೈಮರೆತರೆ ತಲೆಗೆ ಮೊಣಕೈಯಿಂದ ಒಂದು ತಿವಿತ. ಕಂತು ‘ಮುಂದುವರಿಯುವುದು’ ಎಂದು ಮುಗಿದ ಕೂಡಲೇ ವಿಚಾರಣೆ ಆರಂಭ.

“ಆ ಡಾಕ್ಟರ ಮ್ಯಾಲೆ ನನಗ ಮೊದಲೇ ಅನುಮಾನ ಇತ್ತು ನೋಡವಾ. ಅಷ್ಟು ನಯವಾಗಿ ಮಾತಾಡಾವ ಒಳ್ಳೇವ ಆಗಿರಂಗಿಲ್ಲ.”

ಈಗ ಮೊಮ್ಮಗಳ ಕೈಯಲ್ಲಿ ಮೊಬೈಲಿದೆ. ಪ್ರತಿಲಿಪಿ ಆ್ಯಪ್‌ನಲ್ಲಿ ಅವಳು ಹಿಂಬಾಲಿಸುವ ಕಥೆಯ ಕಂತು ದಿನವೂ ಬರುತ್ತದೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇಡೀ ಕಾದಂಬರಿಯನ್ನೇ ಕೊಳ್ಳಬಹುದು. ಅನುಷ್ ಶೆಟ್ಟರ ‘ಹುಲಿ ಪತ್ರಿಕೆ’ಯನ್ನೂ, ವಿಜಯನಗರದ ಸಂಪತ್ತಿನ ಜಾಡು ಹಿಡಿಯುವ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ವನ್ನೂ ಅವಳು ಕಾಲೇಜಿನ ಗೆಳತಿಯಿಂದ ಎರವಲು ತಂದು ಮುಗಿಸಿದ್ದಾಳೆ. ‘ಕರಿಸಿರಿಯಾನ’ವನ್ನಂತೂ ಅಜ್ಜಿಗೆ ಓದಿ ಹೇಳಿದ್ದಾಳೆ. ಹಂಪಿಯ ಬಂಗಾರ ಆನೆಗಳ ಮೇಲೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಈ ಸೀಮೆಯ ಪ್ರತಿ ಅಜ್ಜಿಯ ಬಳಿಯೂ ಒಂದು ಉತ್ತರ ತಯಾರಿರುತ್ತದೆ. ಓದು ಸತ್ತುಹೋಯಿತು ಎಂದು ಭಾಷಣ ಮಾಡುವವರು ಈ ಪಡಸಾಲೆಗೆ ಬಂದರೆ ಓದು ಸತ್ತಿಲ್ಲ, ಸೊರಗಿದ್ದು ಬಾಡಿಗೆ ಅಂಗಡಿ ಎಂದು ತಿಳಿದೀತು. ಒಂದು ನಷ್ಟ ಮಾತ್ರ ನಿಜ. ಆಗ ಓದು ಓಣಿಯದಾಗಿತ್ತು. ಈಗ ಮೊಮ್ಮಗಳು ಇಯರ್‌ಫೋನ್ ಹಾಕಿಕೊಂಡರೆ ಅಜ್ಜಿಯ ಅನುಮಾನ ಕೇಳುವವರಿಲ್ಲ.

ಇಷ್ಟೆಲ್ಲ ಸುತ್ತಿದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಎಲ್ಲೋ ನಡೆದ, ನಿಜವಾಗಿ ನಡೆಯದ ಕೊಲೆಯ ಕಥೆ ಮನಸ್ಸಿಗೆ ಹಿತವಾಗುವುದೇಕೆ? ಹೊತ್ತು ಹೋಗಲಿಕ್ಕೆ ಎಂಬ ಉತ್ತರ ಅರ್ಧ ಮಾತ್ರ ಸರಿ. ಹೊತ್ತು ಕಳೆಯಲು ಇಸ್ಪೀಟೂ ಇದೆ, ರೀಲ್ಸೂ ಇದೆ.

ಇನ್ನರ್ಧ ಉತ್ತರ ಬಳ್ಳಾರಿಯ ಮಣ್ಣಿನಲ್ಲೇ ಸಿಗುತ್ತದೆ ಅನ್ನಿಸುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ರಸ್ತೆಗಳ ಮೇಲೆ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿದವು. ಗಿಡಗಳೆಲ್ಲ ಕೆಂಪಾದವು, ಒಗೆದು ಹರವಿದ ಬಿಳಿ ಅಂಗಿ ಕೆಂಪಾಯಿತು. ಅಕ್ರಮ ಗಣಿಗಾರಿಕೆ ಕುರಿತ ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು 2011ರ ಜುಲೈಯಲ್ಲಿ. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕರ್ನಾಟಕ-ಆಂಧ್ರ ಎರಡು ರಾಜ್ಯಗಳ ಗಡಿಗೆರೆ ಎಲ್ಲಿ ಹಾದುಹೋಗುತ್ತದೆ ಎಂಬ ಪ್ರಶ್ನೆಗೇ ವರ್ಷಗಟ್ಟಲೆ ಸರ್ವೆ, ವಾದ, ವಿಚಾರಣೆ ನಡೆದವು. ಒಂದೊಂದು ಮೊಕದ್ದಮೆಯೂ ಕೋರ್ಟಿನಿಂದ ಕೋರ್ಟಿಗೆ ಹತ್ತಿ ಇಳಿಯುವಾಗ ಅದನ್ನು ಪೇಪರಿನಲ್ಲಿ ಓದುತ್ತಿದ್ದ ಹುಡುಗರು ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದರು. ಇಷ್ಟು ದೊಡ್ಡ ಕಥೆಯಲ್ಲಿ ಓದುಗ ಎಲ್ಲಿ ನಿಂತಿದ್ದೇನೆಂದು ತಿಳಿಯದೆ ತಬ್ಬಿಬ್ಬಾಗುತ್ತಾನೆ. ಅದೇ ಖಾಕಿ ರಟ್ಟಿನ ಪುಸ್ತಕದಲ್ಲಿ ನೂರಹತ್ತನೇ ಪುಟಕ್ಕೆ ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸುತ್ತಾರೆ, ನೂರಹದಿನೈದಕ್ಕೆ ಗುಟ್ಟು ಬಿಚ್ಚುತ್ತಾರೆ, ನೂರಿಪ್ಪತ್ತಕ್ಕೆ ತಪ್ಪು ಮಾಡಿದವನು ತಪ್ಪಿತಸ್ಥನೆಂದೇ ಕರೆಸಿಕೊಂಡು ಜೀಪು ಹತ್ತುತ್ತಾನೆ. ಇದನ್ನು ವಾಸ್ತವದಿಂದ ಓಡಿಹೋಗುವುದು ಎನ್ನುತ್ತಾರೆ. ವಾಸ್ತವ ಹೇಗಿರಬೇಕಿತ್ತು ಎಂಬ ಅಳತೆಗೋಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂದೂ ಅನ್ನಬಹುದು. ತಾಳೆಯಾಗದ ಲೆಕ್ಕ ಮೋಸ ಎಂದು ಸಿರುಗುಪ್ಪದ ಗುಮಾಸ್ತರಿಗೆ ಗೊತ್ತಿರುವುದು ಬರೀ ಕಾದಂಬರಿಗೆ ಸಂಬಂಧಿಸಿದ ಮಾತಲ್ಲ.

ಅದಕ್ಕೇ ಈ ಸೀಮೆಯ ಬರಹಗಾರರಲ್ಲಿ ಒಂದು ಬೇಡಿಕೆ. 2019ರ ‘ಬೆಲ್ ಬಾಟಂ’ ಸಿನಿಮಾ ಪತ್ತೇದಾರಿ ಕಾದಂಬರಿ ಓದಿ ಬೆಳೆದ ಹುಡುಗನನ್ನೇ ನಾಯಕನನ್ನಾಗಿ ಮಾಡಿ, ಹಳೆಯ ಪತ್ತೇದಾರನಿಗೆ ಹೊಸ ಪ್ರೇಕ್ಷಕರನ್ನು ತಂದಿತು. ಆದರೆ ಮಂಜು, ಎಸ್ಟೇಟು, ಬಂಗಲೆಗಳ ಕಥೆಗಳನ್ನು ಬಿಸಿಲುನಾಡಿನ ನಾವು ಎಷ್ಟು ದಿನ ಓದುವುದು? ಕುರುಗೋಡಿನ ತೇರಿನ ಹಿಂದಿನ ರಾತ್ರಿ ಕಾಣಿಕೆ ಡಬ್ಬಿ ಕಾಣೆಯಾಗಲಿ. ಸಿರುಗುಪ್ಪದ ಮಿಲ್ಲಿನಲ್ಲಿ ಕಾಟಾದ ಮೇಲಿನ ತೂಕಕ್ಕೂ ಚೀಟಿಯ ತೂಕಕ್ಕೂ ಎರಡು ಕ್ವಿಂಟಲ್ ಫರಕು ಬರಲಿ. ಬಳ್ಳಾರಿಯ ಜೀನ್ಸ್ ಗಲ್ಲಿಯಲ್ಲಿ ಹೊಲಿಗೆಯ ಒಂದು ತಪ್ಪು ದಾರ ಸುಳಿವಾಗಲಿ. ಶಂಕಿತರು ಒಂದು ವಾಕ್ಯ ಕನ್ನಡದಲ್ಲಿ, ಮುಂದಿನದು ತೆಲುಗಿನಲ್ಲಿ ಸುಳ್ಳು ಹೇಳಲಿ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಹೊರಗೆ ಕಾಲಿಟ್ಟವನು ಯಾರೇ ಆಗಲಿ ಅವನ ಮೇಲೆ ಅನುಮಾನ ಬರಲಿ. ಪತ್ತೆ ಹಚ್ಚುವ ಕೆಲಸ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಜ್ಜಿಯದು, ಜೊತೆಗೆ ಇಯರ್‌ಫೋನ್ ತೆಗೆದಿಟ್ಟ ಮೊಮ್ಮಗಳು. ರಕ್ತ ಬೇಡ, ಬಂದೂಕು ಬೇಡ. ಕಳ್ಳ ಮೊದಲ ಅಧ್ಯಾಯದಲ್ಲೇ ನಮ್ಮೊಂದಿಗೆ ಕುಳಿತು ಒಗ್ಗರಣಿ ತಿಂದಿರಬೇಕು, ಕೊನೆಯ ಪುಟದೊಳಗೆ ಸಿಕ್ಕಿಬೀಳಲೇಬೇಕು. ಜಾಮೀನಿಗೆ ಜಾಗವಿಲ್ಲದಂತೆ ಪುಸ್ತಕ ಅಲ್ಲಿಗೇ ಮುಗಿಯಲಿ.